ಅರ್ಧ ಬಟ್ಟಲು ಚಹಾ

ಹಿಮ ತಳ್ಳುವ ಯಂತ್ರ ನಮ್ಮ ಬೀದಿಗೆ ಬಂದು ಹೋದರೆ ಸಾಕು, ಪ್ರತಿ ಗೇಟಿಗೂ ಸೊಂಟದೆತ್ತರದ ಹಿಮದ ದಿಣ್ಣೆ ಅಡ್ಡ ಬಿದ್ದಿರುತ್ತದೆ. ಅದನ್ನು ಒಡೆಯುವುದು ನಮ್ಮ ಕರ್ಮ. ಈ ಚಳಿಗಾಲ ಕುಲ್ಯಾಶ್ ಅಜ್ಜಿಯ ಗೇಟಿನ ಮುಂದೆ ಮಾತ್ರ ಒಂದು ಹಿಡಿ ಹಿಮವೂ ಇರುತ್ತಿರಲಿಲ್ಲ. ಆ ಮನೆಗೆ ಬೀಗ ಬಿದ್ದಿದೆ. ಚಳಿ ಶುರುವಾಗುವ ಮುಂಚೆ ಅಜ್ಜಿಯ ಹೆಣ ತೊಳೆದವರಲ್ಲಿ ನಾನೂ ಒಬ್ಬಳು.

ಖಾಲಿ ಮನೆ ಲಪಟಾಯಿಸಲು ಯಾರೋ ಡ್ರೈವರನ ಕೈ ಬೆಚ್ಚಗೆ ಮಾಡಿದ್ದಾರೆ ಎಂದು ನನಗೆ ಗುಮಾನಿ. ಒಂದು ಬೆಳಿಗ್ಗೆ ಯಂತ್ರಕ್ಕೆ ಅಡ್ಡ ನಿಂತೆ. ಡ್ರೈವರ್ ಯೆರ್ಮುರಾತ್ ಈ ವರ್ಷ ಬಂದ ಹೊಸಬ.

"ಏನಣ್ಣ, ಅದೊಂದು ಗೇಟಿನ ಮೇಲೆ ಅಷ್ಟು ಪ್ರೀತಿ? ಏನು ಕೊಡ್ತಾರೆ?"

"ಚಹಾ ಕೊಡ್ತಾರೆ, ತಂಗಿ. ನೀವೆಲ್ಲ ಬೈಗುಳ ಕೊಡ್ತೀರಿ. ಆ ಅಜ್ಜಿ ದಿನಾ ನೀಲಿ ಬಟ್ಟಲು ಹಿಡ್ಕೊಂಡು ಗೇಟಲ್ಲಿ ನಿಂತಿರ್ತಾರೆ. ಮರ್ಯಾದೆಯಾಗಿ ಅರ್ಧ ಬಟ್ಟಲು. ತುಂಬಿಸಿ ಕೊಟ್ರೆ 'ಕುಡಿದು ಎದ್ದು ಹೋಗು' ಅಂತ ತಾನೇ ಅರ್ಥ? ಹಾಗೆ ಕೊಡೋಕೆ ಅವರೇನು ನಿನ್ನಂಥೋರಾ?"

ನಗುತ್ತಾ ಹೊರಟುಹೋದ. ನಾನು ಆ ಗೇಟಿನ ಹತ್ತಿರ ಹೋಗಿ ನೋಡಿದೆ. ಬೀಗ ಮಂಜುಗಟ್ಟಿತ್ತು. ಅಂಗಳದ ಹಿಮದ ಮೇಲೆ ಒಂದು ಹೆಜ್ಜೆಗುರುತೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಸಲಿಕೆ ಹಿಡಿದು ಹೊರಬಂದೆ. ಬೀದಿಗೆಲ್ಲ ದಿಣ್ಣೆ ಬಿದ್ದಿತ್ತು. ನನ್ನ ಗೇಟಿನ ಮುಂದೆ ಮಾತ್ರ ನೆಲ ಗುಡಿಸಿಟ್ಟ ಹಾಗಿತ್ತು. ಉಗುಳಿದರೆ ಗಟ್ಟಿಯಾಗುವ ಆ ಚಳಿಯಲ್ಲಿ, ಗೇಟಿನ ಕಂಬದ ಮೇಲೆ ಒಂದು ನೀಲಿ ಬಟ್ಟಲು ಹಬೆಯಾಡುತ್ತಿತ್ತು.

ಚಹಾ ಅಂಚಿನ ತನಕ ತುಂಬಿತ್ತು.