ಬೀಗಿತ್ತಿಯ ಹೊಟ್ಟೆ, ಹಳೇ ಪ್ಯಾಡು

ಹಿಂದಿನಿಂದ ಒಂದು ಕೈ ನನ್ನ ಕತ್ತಿಗೆ ಬಿತ್ತು.

ಕೈಯೇ ಅದು? ರೋಡ್ ರೋಲರು!

"ಅಜ್ಜೀ, ಟೆರೇಸಿಗೆ ಯಾಕೆ ಬಂದೆ?"

ಹೊಟ್ಟೆ ಕರಗಿಸುವ ಕ್ಲಿನಿಕ್ಕಿನ ಬೌನ್ಸರ್. ಅವನು ಉಸಿರು ಬಿಟ್ಟರೆ ನೀರಿನ ಟ್ಯಾಂಕು ಅಲುಗುತ್ತಿತ್ತು.

ಗಾಳಿಗೆ ಬಂದೆ ಅಂದೆ. ಅವನು ನಂಬಲಿಲ್ಲ. ಯಾಕೆಂದರೆ ನನ್ನ ಮುಂದೆ ಬಟ್ಟೆ ಹಗ್ಗ... ಹಗ್ಗದ ತುಂಬ ತೊಳೆದು ಒಣಹಾಕಿದ ಜೆಲ್ ಪ್ಯಾಡುಗಳು.

ನಿನಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಕತ್ತರಿ ಇಲ್ಲ, ಹೊಲಿಗೆ ಇಲ್ಲ. ಮಷೀನಿನ ಬಟ್ಟಲು ಹೊಟ್ಟೆಯನ್ನು ಒಳಗೆಳೆದುಕೊಂಡು, ಚಳಿ ಕೊಟ್ಟು ಕೊಬ್ಬನ್ನು ಹೆಪ್ಪುಗಟ್ಟಿಸುತ್ತದೆ. ಚರ್ಮಕ್ಕೂ ಬಟ್ಟಲಿಗೂ ನಡುವೆ ಈ ಪ್ಯಾಡು. ಒಬ್ಬರಿಗೆ ಹಾಕಿದ್ದು ಆಮೇಲೆ ಕಸದ ಬುಟ್ಟಿಗೆ ಹೋಗಬೇಕು. ಜೆಲ್ ಹೋದ ಪ್ಯಾಡು ಹಾಕಿದರೆ ಚಳಿಯೇ ಚರ್ಮವನ್ನು ಸುಡುತ್ತದೆ.

ಇಲ್ಲಿಗೆ ಬಂದಿದ್ದ ನನ್ನ ಮಗಳ ಹೊಟ್ಟೆ ಸುಟ್ಟಿತ್ತು. ಊಟದ ತಟ್ಟೆಯಗಲ.

ಮನೆಯಲ್ಲಿ ಐಸ್ ಕಟ್ಟಿಕೊಂಡು ಮಲಗಿರಬೇಕು ಅಂದುಬಿಟ್ಟಳು ಕ್ಲಿನಿಕ್ಕಿನ ಮೇಡಂ. ಮಗಳ ಅತ್ತೆ, ಅಂದರೆ ನನ್ನ ಬೀಗಿತ್ತಿ, ಅದನ್ನೇ ನಂಬಿದಳು. ಸುಳ್ಳುಬುರುಕಿ ಅಂತ ಸೊಸೆಯನ್ನು ತವರಿಗೆ ಅಟ್ಟಿದಳು. ಸಾಲದ್ದಕ್ಕೆ ಇವತ್ತು ತಾನೇ ಬಂದು ಕೆಳಗಿನ ರೂಮಿನಲ್ಲಿ ಹೊಟ್ಟೆ ಬಿಟ್ಟುಕೊಂಡು ಮಲಗಿದ್ದಳು.

ಕಂಡವರ ಜಗಳ ಬಿಡಿಸುವುದು ನನ್ನ ಕಸುಬು. ನನ್ನನ್ನು ಕಂಡರೆ ಪೊಲೀಸರೇ ರಸ್ತೆ ದಾಟುತ್ತಾರೆ. ನನ್ನ ಮಗಳನ್ನು ಸುಳ್ಳಿ ಅನ್ನುವುದೇ?

ಬೌನ್ಸರ್ ಕಾಲಿನ ಹೆಬ್ಬೆರಳ ಮೇಲೆ ಹಿಮ್ಮಡಿ ಊರಿದೆ. ನನ್ನ ತೂಕವೆಲ್ಲ ಅಲ್ಲೇ ಇಳಿಸಿದೆ. ಕತ್ತು ಬಿಟ್ಟ. ಒಂದು ಪ್ಯಾಡು ಕಿತ್ತುಕೊಂಡು ಮೆಟ್ಟಿಲಿಳಿದೆ. ಮಂಡಿನೋವು? ಅದು ಟೆರೇಸಿನಲ್ಲೇ ಉಳಿಯಿತು. ಹಿಂದೆ ಅವನು ಕುಂಟುತ್ತ, ಬೈಯುತ್ತ...

ರೂಮಿನ ಬಾಗಿಲನ್ನು ಒದ್ದು ತೆರೆದೆ.

ಬೀಗಿತ್ತಿಯ ಹೊಟ್ಟೆಯ ಮೇಲೆ ಅಂಥದೇ ಮುದುಡಿದ ಪ್ಯಾಡು. ಮೇಡಂ ಒಂದು ಕೈಯಲ್ಲಿ ಬಟ್ಟಲು ಹಿಡಿದು, ಇನ್ನೊಂದನ್ನು ಸ್ವಿಚ್ಚಿಗೆ ಒಯ್ದಿದ್ದಳು.

"ಹೊರಗೆ ಹೋಗಿ. ಇಲ್ದಿದ್ರೆ ಎತ್ತಿ ಹಾಕಿಸ್ತೀನಿ."

"ಎತ್ತೋರು ಕುಂಟ್ತಾ ಇದಾರೆ. ಎಲ್ಲಿಂದ ಬಂತಮ್ಮ ಈ ಪ್ಯಾಡು?"

"ಹೊಸದು."

ಅಡ್ಡಬಂದು ಬಟ್ಟಲು ಕಿತ್ತುಕೊಂಡೆ. ಟೆರೇಸಿನ ಪ್ಯಾಡನ್ನು ಅವಳ ಮುಂದೆ ಹಿಡಿದೆ. ಕ್ಲಿಪ್ಪು ಇನ್ನೂ ಅದರಲ್ಲೇ ಕಚ್ಚಿಕೊಂಡಿತ್ತು.

"ಇದೂ ಹೊಸದೇ ತಾನೆ? ಪಕ್ಕದ ಮಂಚದಲ್ಲಿ ಮಲಗು. ನಿನ್ನ ಹೊಟ್ಟೆಗೆ ನಾನು ಹಾಕ್ತೀನಿ. ಸ್ವಿಚ್ಚೂ ನಾನೇ ಒತ್ತುತೀನಿ."

ಮೇಡಂ ಅಲುಗಲಿಲ್ಲ. ಬೌನ್ಸರ್ ಬಾಗಿಲಲ್ಲಿ ನಿಂತು ಅವಳ ಮುಖ ನೋಡಿದ. ಬೀಗಿತ್ತಿಯೂ ನೋಡಿದಳು.

"ಮಲಗಿ ಮೇಡಂ," ಅಂದಳು ಬೀಗಿತ್ತಿ, ಮೆಲ್ಲಗೆ.

"ನನ್ನದು... ಸ್ವಲ್ಪ ಸೆನ್ಸಿಟಿವ್ ಸ್ಕಿನ್ನು."

ಬೀಗಿತ್ತಿ ಎದ್ದು ಕೂತಳು. ಹೊಟ್ಟೆಯ ಮೇಲಿನ ಪ್ಯಾಡನ್ನು ಎರಡೇ ಬೆರಳಲ್ಲಿ ಎತ್ತಿ ಮೇಡಂ ಕೈಗಿಟ್ಟಳು. "ನನ್ನ ಸೊಸೆಯ ಚರ್ಮ ಟೈರಿಂದ ಮಾಡಿದ್ದಾ?" ಅಂತ ಕೇಳಿದಳು. ಆ ಧ್ವನಿಗೆ ಬೌನ್ಸರ್ ತಾನಾಗಿ ದಾರಿ ಬಿಟ್ಟ. ಹೊರಗೆ ಕಾಯುತ್ತಿದ್ದ ಹೆಂಗಸರೆಲ್ಲ ಚೀಲ ಎತ್ತಿಕೊಂಡು ಎದ್ದಿದ್ದರು.

ಬೀದಿಗೆ ಬಂದೆವು.

"ನಾಳೆ ಮಗಳನ್ನ ಕಳಿಸಿಬಿಡಿ," ಅಂದಳು ಬೀಗಿತ್ತಿ.

"ಕಳಿಸಲ್ಲ. ಅಟ್ಟಿದೋರು ನೀವು. ನೀವೇ ಬಂದು, ನಾಲ್ಕು ಜನರ ಮುಂದೆ ತಪ್ಪಾಯ್ತು ಅಂದು ಕರ್ಕೊಂಡು ಹೋಗಿ."

ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

"ಬರ್ತೀನಿ. ಆದ್ರೂ ಬೀಗರೇ... ನನ್ನ ಹೊಟ್ಟೆನೂ ಸುಡಲಿ ಅಂತ ಬಿಟ್ಟುಬಿಡಬಹುದಿತ್ತಲ್ಲ?"

"ಬಿಡ್ತಿದ್ದೆ. ಆಮೇಲೆ ಮುಲಾಮು ಹಚ್ಚೋಕೆ ನನ್ನ ಮಗಳನ್ನೇ ಕರೀತಿದ್ರಿ."