ಗ್ರೀಸ್ ಹಚ್ಚಿದ ಗುಜರಿ

"ಏಯ್, ಪಕ್ಕಕ್ಕೆ ಸರಿ! ಇಲ್ಲಾಂದ್ರೆ ಬಿಟ್ಬಿಡ್ತೀನಿ!"

ನನ್ನ ತಲೆಯ ಮೇಲೆ, ಕ್ರೇನಿನ ಸರಪಳಿಯಲ್ಲಿ, ಎರಡು ಟನ್ ಉಕ್ಕು ತೂಗಾಡುತ್ತಿತ್ತು. ಪ್ಲಾಸ್ಟಿಕ್ ಕುರ್ಚಿ ತಯಾರಿಸುವ ಅಚ್ಚು ಅದು. ಕ್ರೇನಿನ ಬಟನ್ ಹಿಡಿದು ನಿಂತಿದ್ದವನು ಯಾರು ಗೊತ್ತೇ? ಕಂಪನಿ ನಡೆಸುತ್ತಿದ್ದ ಹೆಣ್ಣುಮಗಳ ಸ್ವಂತ ಚಿಕ್ಕಪ್ಪ!

ಮುಳುಗುವ ಕಂಪನಿಗಳನ್ನು ಎತ್ತಿ ನಿಲ್ಲಿಸುವುದು ನನ್ನ ಕಸುಬು, ಸ್ವಾಮಿ. ಹೆಚ್ಚಿನವನ್ನು ಮುಳುಗಿಸುವುದು ಮನೆಯವರೇ. ಥೂ!

"ಎಲ್ಲಿಗೆ ಸವಾರಿ, ಚಿಕ್ಕಪ್ಪೋರೇ?"

"ಗುಜರಿಗೆ. ಹಳೇ ಮಾಲು. ನಿಂಗ್ಯಾಕೆ?"

ಲಾರಿಯಲ್ಲಿ ಆಗಲೇ ಮೂರು ಅಚ್ಚು ಕೂತಿದ್ದವು. ಒಂದರ ಸಂದಿಗೆ ಬೆರಳು ಹಾಕಿದೆ. ಹೊಸ ಗ್ರೀಸ್ ಅಂಟಿಕೊಂಡಿತು.

"ಕರಗಿಸೋ ಮಾಲಿಗೆ ಯಾರಾದ್ರೂ ಗ್ರೀಸ್ ಹಚ್ತಾರಾ? ಹೆಣಕ್ಕೆ ಶೃಂಗಾರ ಮಾಡಿದ ಹಾಗಾಯ್ತು!"

ಅವನ ಮುಖ ಇಂಗು ತಿಂದ ಮಂಗನಂತಾಯಿತು. ಅಚ್ಚು ಎತ್ತಿಡುವ ಮುಂಚೆ ತುಕ್ಕು ಹಿಡಿಯದ ಹಾಗೆ ಗ್ರೀಸ್ ಬಳಿಯುವುದು ಅವನ ಹಳೆಯ ಅಭ್ಯಾಸ. ಕದಿಯುವಾಗಲೂ ಕೈ ಬಿಡಲಿಲ್ಲ!

ಬಟನ್ ಒತ್ತಿದ. ನಾನು ಹಾರಿದೆ... ಧಡಾರ್! ನಾನು ನಿಂತಿದ್ದ ಜಾಗದಲ್ಲಿ ನೆಲ ಬಿರಿಯಿತು. ಎದ್ದು ನೋಡುವಷ್ಟರಲ್ಲಿ ಲಾರಿ ಅವನನ್ನೂ ಹತ್ತಿಸಿಕೊಂಡು ಗೇಟು ದಾಟಿತ್ತು.

ಕಂಪನಿ ನಡೆಸುವ ಮೇಡಂ ಆಫೀಸಿನಿಂದ ಓಡಿ ಬಂದಳು. "ಸರ್, ಏಟಾಯ್ತಾ?"

"ಆಮೇಲೆ ಹೇಳ್ತೀನಿ. ಕಾರು ತೆಗೀರಿ!"

ಪಾಪ, ಆ ಹುಡುಗಿ. ಎದೆ ಹಿಡಿದುಕೊಂಡು ಮಲಗಿದ ಅಪ್ಪ, ಕಂಪನಿಯನ್ನು ಅವಳ ತಲೆಗೆ ಕಟ್ಟಿದ್ದ. ಸಾಲಕ್ಕೆಲ್ಲ ಅವಳದೇ ಸಹಿ. ಆಸ್ಪತ್ರೆಯೊಂದರಿಂದ ಕುರ್ಚಿಗಳ ದೊಡ್ಡ ಆರ್ಡರ್ ತಂದುಕೊಟ್ಟಿದ್ದೆ. ನಾಳೆ ಕೆಲಸ ಶುರುವಾಗದಿದ್ದರೆ ಆರ್ಡರ್ ಕ್ಯಾನ್ಸಲ್. ಫ್ಯಾಕ್ಟರಿಗೂ ಅವಳ ಮನೆಗೂ ಬ್ಯಾಂಕಿನ ಬೀಗ!

ಕಾರು ಹಾರಿತು. ರೈಲ್ವೇ ಗೇಟು, ಗೋದಾಮುಗಳ ಸಾಲು, ಕೆಸರಿನ ತಿರುವು... ಎರಡು ಸಲ ಲಾರಿ ನಮ್ಮನ್ನು ಗೋಡೆಗೆ ಒತ್ತಿತು. ಮೇಡಂ ಹಲ್ಲು ಕಚ್ಚಿಕೊಂಡು ಓಡಿಸಿದಳು. ಕೊನೆಗೆ ಲಾರಿ ಒಂದು ಹೊಸ ಶೆಡ್ಡಿನೊಳಗೆ ನುಗ್ಗಿತು.

ಒಳಗೆ ಹೊಸ ಮೆಷಿನ್. ಮೇಲೆ ಅವಳ ತಮ್ಮನ ಹೆಸರಿನ ಬೋರ್ಡು. ಕೆಳಗೆ ಕಾಲ ಮೇಲೆ ಕಾಲು ಹಾಕಿ, ಕಿತ್ತಳೆ ಸುಲಿಯುತ್ತ ಕೂತಿದ್ದ... ಹಾಸಿಗೆ ಬಿಟ್ಟು ಏಳಲಾಗದ ಅಪ್ಪ!

"ಅಪ್ಪಾ... ನೀವಾ?"

"ನಿನ್ನ ತಮ್ಮನಿಗೂ ಒಂದು ದಾರಿ ಮಾಡ್ಬೇಡ್ವಾ ಮಗಳೇ? ನಿನಗೇನು, ಗಂಡನ ಮನೆ ಇದೆ."

"ಆ ಮನೆನೂ ಸಾಲಕ್ಕೆ ಅಡ ಇಡ್ಸಿದ್ದೀರಲ್ಲಪ್ಪಾ!"

ಅವನು ಒಂದು ತೊಳೆ ಬಾಯಿಗೆ ಹಾಕಿಕೊಂಡ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮೇಯುತ್ತಾ ಬುದ್ಧಿ ಹೇಳುವ ಬೇಲಿಯನ್ನು ನೋಡಿದ್ದು ಅದೇ ಮೊದಲು.

ಚಿಕ್ಕಪ್ಪ ಕಬ್ಬಿಣದ ರಾಡ್ ಎತ್ತಿಕೊಂಡು ಬಂದ. ನಾನು ಫೋನ್ ಎತ್ತಿ ತೋರಿಸಿದೆ.

"ಹೊಡಿ. ಅಚ್ಚುಗಳ ಫೋಟೋ ಆಗ್ಲೇ ಬ್ಯಾಂಕಿಗೆ ಹೋಗಿದೆ. ಅಡ ಇಟ್ಟ ಮಾಲು ಸಾಗಿಸಿದ್ರೆ ಜೈಲು. ಕೊಲೆನೂ ಸೇರ್ಸ್ಕೋತೀಯಾ?"

ರಾಡ್ ಕೆಳಗಿಳಿಯಿತು. ಆ ಕ್ಷಣವೇ ಅಪ್ಪ ಎದೆ ಹಿಡಿದುಕೊಂಡು ಕುಸಿದ.

"ಅಯ್ಯೋ... ಮಗಳೇ... ಹೋದೆ!"

ಮೇಡಂ ಕಣ್ಣು ತುಂಬಿ ಬಂತು. ಒಂದು ಹೆಜ್ಜೆ ಮುಂದಿಟ್ಟಳು... ನಿಂತಳು. ಫೋನ್ ತೆಗೆದು ಆಂಬುಲೆನ್ಸ್ ಕರೆದಳು. ಆಮೇಲೆ ಕಣ್ಣೊರೆಸಿಕೊಂಡು ಲಾರಿ ಡ್ರೈವರ್ ಪಕ್ಕ ಹತ್ತಿ ಕೂತಳು.

"ವಾಪಸ್ ತಿರುಗಿಸಣ್ಣ. ನಾಳೆ ಮೆಷಿನ್ ಓಡ್ಬೇಕು. ಸರ್, ಅಪ್ಪನ ಜೊತೆ ನೀವು ಹೋಗ್ತೀರಾ?"

ಹೋದೆ. ನನ್ನ ಹಣೆಬರಹ! ಆಂಬುಲೆನ್ಸಿನಲ್ಲಿ, ಅರ್ಧ ದಾರಿಯಲ್ಲಿ, ಮುದುಕ ಮೆಲ್ಲಗೆ ಒಂದೇ ಕಣ್ಣು ತೆರೆದ.

"ಮಗಳು ಬರ್ಲಿಲ್ವಾ?"

"ಅವರಿಗೆ ಪುರುಸೊತ್ತಿಲ್ಲ ಸರ್. ಕಂಪನಿ ನಷ್ಟದಲ್ಲಿದೆ."