ಸಂಪಿಗೆದುರ್ಗದ ಅವಸರದ ಡಂಗುರ

ಬಹಳ ಹಿಂದೆ, ಹುಲಿ ಮೊಸಳೆಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಸಂಪಿಗೆದುರ್ಗವೆಂಬ ರಾಜ್ಯವನ್ನು ಕಾಳಜಿಹ್ವನೆಂಬ ಮಾಂತ್ರಿಕ ಆಳುತ್ತಿದ್ದ. ಅವನು ಅನ್ನ ಉಣ್ಣುತ್ತಿರಲಿಲ್ಲ. ಕೊಟ್ಟು ತೀರಿಸದ ಮಾತೇ ಅವನ ಊಟ. ‘ನಾಳೆ ಮಾಡಿಸುತ್ತೇನೆ’ ಎಂದು ಹೇಳಿ ಮಾಡಿಸದೆ ಬಿಟ್ಟಾಗಲೆಲ್ಲ ಒಂದು ಗೇಣು ಬೆಳೆಯುತ್ತಿದ್ದ. ಹಾಗೆ ಬೆಳೆದು ಬೆಳೆದು ಕೋಟೆಯ ಬುರುಜಿಗಿಂತ ಎತ್ತರವಾಗಿದ್ದ. ಅಹವಾಲು ತಂದವರನ್ನು ಅರಮನೆಯ ಅಂಗಳದಲ್ಲೇ ಕಲ್ಲು ಮಾಡಿ ನಿಲ್ಲಿಸಿದ್ದ.

ಹನ್ನೆರಡು ವರ್ಷಕ್ಕೊಮ್ಮೆ ಪಟ್ಟದಾನೆ ಯಾರ ಕೊರಳಿಗೆ ಮಾಲೆ ಹಾಕುತ್ತದೋ ಅವರದೇ ಗದ್ದುಗೆ, ಅದು ಆ ರಾಜ್ಯದ ಕಟ್ಟಳೆ. ಈ ಸಲ ಆನೆ ಸಾಲುಗಟ್ಟಿ ನಿಂತಿದ್ದ ಸರದಾರರನ್ನೆಲ್ಲ ದಾಟಿ ಹೋಯಿತು. ಬೀದಿಯ ಕೊನೆಯಲ್ಲಿ ಹಗ್ಗ ಹೊಸೆಯುತ್ತಿದ್ದ ಚಂದಲೆಯೆಂಬ ಹುಡುಗಿಯ ಕೊರಳಿಗೆ ಮಾಲೆ ಹಾಕಿತು. ಊರಿಗೆ ಊರೇ ಕುಣಿಯಿತು!

ಕಾಳಜಿಹ್ವ ನಕ್ಕ. “ಪಟ್ಟಕ್ಕೆ ಬಂದವರು ಮೂರು ಮಾತು ಕೊಡಬೇಕು, ದೊರೆಸಾನಿ. ಕೊಡು. ಹುಣ್ಣಿಮೆಯ ಚಂದ್ರ ಮೂಡುವುದರೊಳಗೆ ಒಂದು ತಪ್ಪಿದರೂ ಗದ್ದುಗೆ ನನ್ನದು. ಕಲ್ಲಾದವರು ಪುಡಿಪುಡಿ.”

ಚಂದಲೆ ಪೇಟೆಯ ಕಟ್ಟೆ ಹತ್ತಿ ಹೇಳಿದಳು: “ಕೆರೆಯ ನೀರು ಊರಿಗೆ ಬರುತ್ತದೆ. ಕಣಿವೆಯ ದಾರಿ ತೆರೆಯುತ್ತದೆ. ಕಲ್ಲಾದವರು ಎದ್ದು ಮನೆಗೆ ಹೋಗುತ್ತಾರೆ.”

ಈರಜ್ಜಿ ಎಂಬ ಮುದುಕಿ ಅವಳ ಕೈ ಹಿಡಿದಳು. “ಆ ಮೂರನೇದನ್ನ ಮಾತ್ರ ಮರೀಬೇಡ ನನ್ನವ್ವಾ. ನಮ್ಮ ಯಜಮಾನರು ಆ ಅಂಗಳದಲ್ಲಿ ಮೂರು ಮಳೆಗಾಲ ನೆನೆದಿದ್ದಾರೆ.”

ಮೊದಲು ಕೆರೆ. ತೂಬಿನ ಬಾಯಿಗೆ ಮೈ ಅಡ್ಡವಿಟ್ಟು ಒಂದು ಮಾಯದ ಮೊಸಳೆ ಮಲಗಿತ್ತು.

“ಯಾಕಪ್ಪಾ ಇಲ್ಲಿ ಬಿದ್ದಿದ್ದೀಯ?” ಎಂದಳು ಚಂದಲೆ.

“ವರ್ಷಕ್ಕೊಂದು ಎಮ್ಮೆ ಕೊಡುತ್ತೇನೆ ಅಂದಿದ್ದ ಕಾಳಜಿಹ್ವ. ಎಮ್ಮೆಯ ಬಾಲದ ಕೂದಲೂ ಬಂದಿಲ್ಲ. ನೀನೇನು ಕೊಡುತ್ತೀಯ?”

“ನಾನು ನಿನಗೆ ಮಾತು ಕೊಡಲ್ಲ. ಬುತ್ತಿ ಕೊಡುತ್ತೇನೆ, ಬಾಯಿ ತೆಗಿ.”

ಮೊಸಳೆ ಅವಳ ಬುತ್ತಿಯ ರಾಗಿಮುದ್ದೆ ನುಂಗಿತು, ಹುರಿದ ಮೀನು ನುಂಗಿತು, ಕಣ್ಣು ಮುಚ್ಚಿ ತೇಗಿತು. ಆಮೇಲೆ ಪಕ್ಕಕ್ಕೆ ಸರಿಯಿತು. ನೀರು ಭೋರ್ಗರೆದು ಕಾಲುವೆಗೆ ನುಗ್ಗಿತು!

ಮಂತ್ರಿ ತಿಪ್ಪರಸ ಒಳ್ಳೆಯವನೇ, ಆದರೆ ಅವಸರದವನು. “ಡಂಗುರ ಹೊಡಿಯೋ ಮುದ್ದ!” ಎಂದು ಕೂಗಿದ. ಡಂಗುರದ ಮುದ್ದ ಅಲುಗಾಡಲಿಲ್ಲ. ಕೆಲಸ ಆದದ್ದನ್ನು ತಾನೇ ಮುಟ್ಟಿ ನೋಡದೆ ತಮಟೆ ಬಡಿಯಬಾರದೆಂಬುದು ಅವನ ಮನೆತನದ ನೇಮ. ಊರಿನ ಕಟ್ಟಕಡೆಯ ಮನೆಯವರೆಗೆ ನಡೆದು, ಅಲ್ಲಿಯ ಕೊಡದಿಂದ ಬೊಗಸೆ ನೀರು ಕುಡಿದು, ಆಮೇಲೆ ಬಡಿದ. ತೀರಿದ ಮಾತಿನ ಆ ಸದ್ದಿಗೆ ಕಾಳಜಿಹ್ವ ಬುರುಜಿನ ಎತ್ತರದಿಂದ ಮಾಳಿಗೆಯ ಎತ್ತರಕ್ಕೆ ಕುಸಿದ.

ಆಮೇಲೆ ಕಣಿವೆ. ಅಲ್ಲಿ ಎರಡು ತಲೆಯ ಹುಲಿ ಕಾವಲಿತ್ತು. ಒಂದು ತಲೆ ಮಲಗಿದರೆ ಇನ್ನೊಂದು ಎಚ್ಚರ.

ಚಂದಲೆ ಎಚ್ಚರವಿದ್ದ ತಲೆಯನ್ನು ಕೇಳಿದಳು: “ನಿನಗೇನು ಕೊಡುತ್ತೇನೆ ಅಂದಿದ್ದಾನೆ?”

“ಕಾಡಿನ ಕಿರೀಟ. ನನಗೊಬ್ಬನಿಗೇ. ಮೆಲ್ಲಗೆ ಮಾತಾಡು, ಅವನು ಎದ್ದಾನು.”

ಮಲಗಿದ್ದ ತಲೆ ಕಣ್ಣು ಬಿಟ್ಟಿತು. “ಏನಂದೆ? ಕಿರೀಟ ನನಗಲ್ಲವೇನೋ!”

“ನಿನಗೂ ಅದನ್ನೇ ಹೇಳಿದ್ದನಾ? ಅಯ್ಯೋ ಹಾಳಾದವನೇ!”

ಎರಡು ತಲೆಗಳೂ ಜಗಳಾಡುತ್ತಾ ಒಂದೇ ಮೈಯಲ್ಲಿ ಕಾಡು ಸೇರಿದವು. ಮುದ್ದ ಕಣಿವೆಯನ್ನು ಆಚೆಗೂ ಈಚೆಗೂ ನಡೆದು ನೋಡಿ ತಮಟೆ ಬಡಿದ. ಕಾಳಜಿಹ್ವ ಆಳೆತ್ತರಕ್ಕೆ ಇಳಿದ. ಜನ ದಾರಿಯುದ್ದಕ್ಕೂ ಕೇಕೆ ಹಾಕಿದರು.

ಕೊನೆಗೆ ಅಂಗಳ. ಕಲ್ಲಿನ ಎದೆಗೆ ಕಿವಿಯಿಟ್ಟಾಗ ಚಂದಲೆಗೆ ಒಳಗಿನ ಪಿಸುಮಾತು ಕೇಳಿಸಿತು. ಹೇಳಲು ಬಂದದ್ದು ಹೇಳಿ ಮುಗಿಯದೆ ಅವರೆಲ್ಲ ಕಲ್ಲಾಗಿದ್ದರು. ಅವಳು ಒಬ್ಬೊಬ್ಬರದನ್ನೇ ಪೂರ್ತಿ ಕೇಳಿದಳು, ಪೂರ್ತಿ ಉತ್ತರ ಕೊಟ್ಟಳು. ಉತ್ತರ ಸಿಕ್ಕವರು ಮೈಕೊಡವಿ ಎದ್ದರು. ಅಂಗಳದ ತುಂಬ ಅಳು, ನಗು, ಅಪ್ಪುಗೆ!

ಹುಣ್ಣಿಮೆಯ ಸಂಜೆಗೆ ಉಳಿದದ್ದು ಒಂದೇ ಕಲ್ಲು. ಈರಜ್ಜಿಯ ಗಂಡ ಕರಿಯಣ್ಣ.

ಪೇಟೆಯಲ್ಲಿ ತಿಪ್ಪರಸನಿಗೆ ತಡೆಯಲಾಗಲಿಲ್ಲ. “ಎಲ್ಲರೂ ಎದ್ದರು ಎಂದು ಸಾರು!”

“ಬುದ್ಧೀ, ಇನ್ನೂ ಒಬ್ಬರಿದ್ದಾರೆ. ನಾನು ಮುಟ್ಟಿ ನೋಡಿಲ್ಲ.”

“ಒಬ್ಬ ಮುದುಕ ತಾನೇ! ಇನ್ನೇನು ಏಳುತ್ತಾನೆ. ಹೊಡಿ ಅಂದರೆ ಹೊಡಿ!”

ಮುದ್ದ ಹೆದರಿ ಹೊಡೆದ. ಅಷ್ಟೇ! ಆ ಸುಳ್ಳು ಡಂಗುರವನ್ನು ಗಬಕ್ಕನೆ ನುಂಗಿ ಕಾಳಜಿಹ್ವ ಮುಗಿಲಿನೆತ್ತರ ಎದ್ದ. ಕಾಲುವೆ ಬತ್ತಿತು. ಎದ್ದವರ ಪಾದಗಳು ಮತ್ತೆ ಕಲ್ಲಾಗತೊಡಗಿದವು. ಕರಿಯಣ್ಣನ ಕಲ್ಲುಭುಜದಲ್ಲಿ ಬಿರುಕು ಮೂಡಿತು. ಈರಜ್ಜಿ ಚೀರಿದಳು.

ಚಂದಲೆ ಪೇಟೆಗೆ ಓಡಿದಳು. ತಿಪ್ಪರಸ ಅಡ್ಡ ಬಂದ. “ಸಾರಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಡಿ ತಾಯಿ, ಮರ್ಯಾದೆ ಹೋಗುತ್ತದೆ.”

“ಮರ್ಯಾದೆ ಉಳಿಸಿ ಆ ಅಜ್ಜನನ್ನು ಪುಡಿ ಮಾಡಲೇ? ಸರಿಯಿರಿ!”

ತಮಟೆಯನ್ನು ತಾನೇ ಹೆಗಲಿಗೇರಿಸಿ ಬಡಿದಳು. “ಕೇಳಿರಪ್ಪೋ ಕೇಳಿ! ಮೂರನೆಯ ಮಾತು ತೀರಿಲ್ಲ! ಒಬ್ಬರು ಉಳಿದಿದ್ದಾರೆ! ಈಗ ಸಾರಿದ್ದು ಸುಳ್ಳು, ತಪ್ಪು ನನ್ನ ಅರಮನೆಯದು!”

ಆಗದ್ದನ್ನು ಆಗಿಲ್ಲವೆಂದು ಸಾರಿದ ಡಂಗುರವನ್ನು ಆ ನೆಲ ಅದುವರೆಗೆ ಕೇಳಿರಲಿಲ್ಲ. ಕಾಳಜಿಹ್ವನಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಅವನು ಕೆಮ್ಮುತ್ತಾ ನಿಂತ. ಚಂದಲೆ ತಿರುಗಿ ಓಡಿ ಕರಿಯಣ್ಣನ ಎದೆಗೆ ಕಿವಿಯಿಟ್ಟಳು.

“ನಮ್ಮ ಬೀದಿ ತಿರುವಿಗೊಂದು ದೀಪ,” ಎಂದಿತು ಕಲ್ಲು. “ನಮ್ಮವಳು ಕತ್ತಲಲ್ಲಿ ಎಡವುತ್ತಾಳೆ.”

ಚಂದ್ರ ಮೂಡುವ ಕಡೆ ಬೆಟ್ಟದ ಅಂಚು ಬೆಳ್ಳಗಾಗುತ್ತಿತ್ತು. ‘ನಾಳೆ’ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

“ಅಜ್ಜಾ, ಸದ್ಯಕ್ಕೆ ಆಗುವುದಿಲ್ಲ. ಈ ವರ್ಷ ಗಾಣಗಳಲ್ಲಿ ಎಣ್ಣೆಯಿಲ್ಲ.”

ಕಲ್ಲಿನ ತುಟಿ ನಕ್ಕಿತು. “ಆಗಲ್ಲ ಅಂತಾದರೂ ಒಬ್ಬರು ಬಾಯಿಬಿಟ್ಟು ಹೇಳಿದಿರಲ್ಲವ್ವಾ!”

ಚಂದ್ರ ಮೂಡುವ ಮೊದಲೇ ಕರಿಯಣ್ಣ ಮೈಮುರಿದು ಎದ್ದ. ಈ ಸಲ ಮುದ್ದ ಅವನ ಕೈ ಮುಟ್ಟಿ, ಕೆನ್ನೆ ಮುಟ್ಟಿ, ಆಮೇಲೆ ತಮಟೆ ಬಡಿದ. ನುಂಗಲು ಒಂದು ಮಾತೂ ಉಳಿಯದೆ ಕಾಳಜಿಹ್ವ ಕುಗ್ಗಿದ, ಕುಗ್ಗಿದ, ಒಂದು ಆಕಳಿಕೆಯಷ್ಟಾಗಿ ಗಾಳಿಯಲ್ಲಿ ಕರಗಿಹೋದ. ಕಾಲುವೆ ಮತ್ತೆ ತುಂಬಿ ಹರಿಯಿತು. ಎಲ್ಲರ ಕಾಲುಗಳೂ ಹಗುರಾದವು. ತಿಪ್ಪರಸ ಮುಖ ತಗ್ಗಿಸಿ ನಿಂತಿದ್ದ, ಆದರೆ ಕುಣಿತ ಶುರುವಾದಾಗ ಎಲ್ಲರಿಗಿಂತ ಮೊದಲು ಕುಣಿದವನು ಅವನೇ.

“ಮೂರು ಮಳೆಗಾಲ ನಿಂತು ಕೇಳಿದ್ದು ಒಂದು ದೀಪವಾ?” ಎಂದು ಗದರಿದಳು ಈರಜ್ಜಿ, ಸೆರಗಿನಿಂದ ಅವನ ಹೆಗಲಿನ ಕಲ್ಲುಪುಡಿ ಒರೆಸುತ್ತಾ. “ನಡೀರಿ, ಬೆಳದಿಂಗಳಿದೆ.”

ಇಬ್ಬರೂ ಕೈಹಿಡಿದು ಮನೆಗೆ ಹೋದರು. ಸಂಪಿಗೆದುರ್ಗದ ಮಂದಿ ಉಂಡು, ನಕ್ಕು, ನೂರ್ಕಾಲ ತಂಪಾಗಿ ಬಾಳಿದರು.